ಹಳೆಯ ಜೀಪಿನಲ್ಲಿ ನಿರ್ವಾತದ ಕೆಲಸ

ಗಾಳಿಗೆ ತೂಕವಿದೆ, ಅದು ತನ್ನೊಳಗಿರುವ ವಸ್ತುಗಳನ್ನೆಲ್ಲ ಎಲ್ಲ ದಿಕ್ಕುಗಳಿಂದಲೂ ಒತ್ತುತ್ತಿರುತ್ತದೆ ಎಂಬುದನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಟಾರಿಸೆಲ್ಲಿಯ ಪಾದರಸದ ಕೊಳವೆ, ಕುದುರೆಗಳು ಜಗ್ಗಿದರೂ ಬೇರೆಯಾಗದ ಮ್ಯಾಗ್ಡೆಬರ್ಗಿನ ಅರ್ಧಗೋಳಗಳು ಇವೆಲ್ಲ ಪಠ್ಯಪುಸ್ತಕದ ಚಿತ್ರಗಳಾಗಿ ಮನಸ್ಸಿನಲ್ಲಿ ಉಳಿದಿರುತ್ತವೆ. ಆದರೆ ಅದೇ ಒತ್ತಡವು ಒಂದು ವಾಹನದ ಮುಂದಿನ ಚಕ್ರಗಳಿಗೆ ಎಂಜಿನ್ನಿನ ಬಲವನ್ನು ಮುಟ್ಟಿಸುವ ಕೆಲಸ ಮಾಡಬಲ್ಲದೆಂದೂ, ಬೆರಳಿಗಿಂತ ಸಣ್ಣದಾದ ಒಂದು ರಬ್ಬರ್ ಕೊಳವೆ ಸೀಳಿದರೆ ಆ ಕೆಲಸ ನಿಂತುಹೋಗುವುದೆಂದೂ ಬಹಳ ಮಂದಿ ಯೋಚಿಸಿರಲಾರರು. ಅಂತಹ ಒಂದು ವಾಹನವನ್ನು ಉದಾಹರಣೆಯಾಗಿ ಇಟ್ಟುಕೊಂಡು, ಅದರಲ್ಲಿ ನಿರ್ವಾತವು ಹೇಗೆ ಹುಟ್ಟುತ್ತದೆ, ಎಲ್ಲೆಲ್ಲಿ ಹರಿಯುತ್ತದೆ, ಕೆಟ್ಟಾಗ ದೋಷವನ್ನು ಪತ್ತೆಮಾಡಿ ಸರಿಪಡಿಸುವ ಕ್ರಮವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ನಾವು ಆರಿಸಿಕೊಂಡಿರುವುದು ಅಮೆರಿಕದ ಜೀಪ್ ರಾಂಗ್ಲರ್ ಜಾತಿಯ, ವೈಜೆ ಎಂಬ ಸಂಕೇತನಾಮದ ವಾಹನ. ಇದು 1987ರಿಂದ 1995ರವರೆಗಿನ ಮಾದರಿಗಳಾಗಿ ಮಾರಾಟವಾಯಿತು. 1990ರವರೆಗಿನವುಗಳಲ್ಲಿ 4.2 ಲೀಟರಿನ, ಆರು ಸಿಲಿಂಡರುಗಳ, ಕಾರ್ಬುರೇಟರುಳ್ಳ ಪೆಟ್ರೋಲ್ ಎಂಜಿನ್ನೂ ದೊರೆಯುತ್ತಿತ್ತು. ಅದರ ಬಾನೆಟ್ಟನ್ನು ಎತ್ತಿ ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಜೇಡನ ಬಲೆಯಂತೆ ಹರಡಿರುವ ಸಣ್ಣ ಕೊಳವೆಗಳು. ಅವುಗಳಲ್ಲಿ ಹಲವು ನಿರ್ವಾತದ ನಾಳಗಳು.

ನಿರ್ವಾತವು ಎಳೆಯುವುದಿಲ್ಲ

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರಮಾಡಿಕೊಳ್ಳಬೇಕು. ಎಂಜಿನ್ನು ಗಾಳಿಯನ್ನು ‘ಹೀರುತ್ತದೆ’, ನಿರ್ವಾತವು ‘ಎಳೆಯುತ್ತದೆ’ ಎಂದು ನಾವು ರೂಢಿಯಲ್ಲಿ ಹೇಳುತ್ತೇವೆ. ವಾಸ್ತವವಾಗಿ ನಿರ್ವಾತಕ್ಕೆ ಎಳೆಯುವ ಶಕ್ತಿಯೇ ಇಲ್ಲ. ಒಂದು ಕಡೆ ಗಾಳಿಯ ಒತ್ತಡ ಕಡಮೆಯಾದರೆ, ಇನ್ನೊಂದು ಕಡೆಯ ಗಾಳಿಯು ತನ್ನ ಪೂರ್ಣ ಒತ್ತಡದಿಂದ ಅತ್ತ ನೂಕುತ್ತದೆ. ಕೆಲಸಮಾಡುವುದು ಈ ನೂಕುವ ಗಾಳಿಯೇ.

ಸೂಜಿಯನ್ನು ತೆಗೆದ ಒಂದು ಹೊಸ ಇಂಜೆಕ್ಷನ್ ಪಿಚಕಾರಿಯಿಂದ ಇದನ್ನು ಪರೀಕ್ಷಿಸಬಹುದು. ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಹಿಂದಕ್ಕೆ ಜಗ್ಗಿ ಬಿಟ್ಟರೆ, ಅದು ತಾನಾಗಿಯೇ ಒಳಕ್ಕೆ ಹಿಂದಿರುಗುತ್ತದೆ. ಹೊರಗಿನ ಗಾಳಿಯೇ ಅದನ್ನು ಒಳಕ್ಕೆ ತಳ್ಳಿತು. ಬೆರಳನ್ನು ಕೊಂಚ ಸಡಿಲಿಸಿ ಮತ್ತೆ ಜಗ್ಗಿದರೆ ಗಾಳಿ ಸಂದಿಯಿಂದ ನುಗ್ಗಿ ಒಳಗಿನ ಒತ್ತಡವು ಹೊರಗಿನದಕ್ಕೆ ಸಮನಾಗುತ್ತದೆ. ಹಿಡಿಯು ಹಿಂದಿರುಗುವುದಿಲ್ಲ. ಜೀಪಿನ ನಾಳಗಳ ದೋಷವೆಲ್ಲವೂ ಈ ಸಡಿಲ ಬೆರಳಿನ ದೋಷವೇ.

ಎಂಜಿನ್ನಿನಲ್ಲಿ ಪಿಚಕಾರಿಯ ಹಿಡಿಯ ಕೆಲಸವನ್ನು ಪಿಸ್ಟನ್ನುಗಳು ಮಾಡುತ್ತವೆ, ಬೆರಳಿನ ಕೆಲಸವನ್ನು ಕಾರ್ಬುರೇಟರಿನ ಥ್ರಾಟಲ್ ತಟ್ಟೆ ಮಾಡುತ್ತದೆ. ಚಾಲಕನು ಆಕ್ಸಿಲರೇಟರಿನಿಂದ ಕಾಲನ್ನು ತೆಗೆದಾಗ ಈ ತಟ್ಟೆ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಪಿಸ್ಟನ್ನುಗಳು ಕೆಳಗಿಳಿಯುತ್ತಲೇ ಇರುವುದರಿಂದ, ತಟ್ಟೆಗೂ ಸಿಲಿಂಡರುಗಳಿಗೂ ನಡುವೆ ಇರುವ ಮ್ಯಾನಿಫೋಲ್ಡಿನಲ್ಲಿ ಗಾಳಿ ವಿರಳವಾಗುತ್ತದೆ. ಇದು ಪೂರ್ಣ ನಿರ್ವಾತವಲ್ಲ, ಆಂಶಿಕ ನಿರ್ವಾತ. ಇದನ್ನು ಪಾದರಸದ ಅಂಗುಲಗಳಲ್ಲಿ ಅಳೆಯುವುದು ರೂಢಿ. ಸಮುದ್ರಮಟ್ಟದಲ್ಲಿ ವಾಯುಭಾರವು ಸುಮಾರು 30 ಅಂಗುಲ, ಅಂದರೆ 760 ಮಿಲಿಮೀಟರ್. ಆರೋಗ್ಯವಾಗಿರುವ ಎಂಜಿನ್ನು ನಿಂತಲ್ಲೇ ಮೆಲ್ಲಗೆ ಓಡುತ್ತಿರುವಾಗ ಮ್ಯಾನಿಫೋಲ್ಡಿನ ಒತ್ತಡವು ಹೊರಗಿನದಕ್ಕಿಂತ 17ರಿಂದ 21 ಅಂಗುಲಗಳಷ್ಟು ಕಡಮೆಯಾಗಿರುತ್ತದೆ. ಥ್ರಾಟಲನ್ನು ಪೂರ್ತಿ ತೆರೆದಾಗ ಈ ವ್ಯತ್ಯಾಸವು ಹೆಚ್ಚು ಕಡಮೆ ಇಲ್ಲವಾಗುತ್ತದೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುತ್ತದೆ.

ನಮ್ಮ ಊರುಗಳಲ್ಲಿ ಹೆಚ್ಚಾಗಿ ಕಾಣುವ ಡೀಸೆಲ್ ಜೀಪುಗಳ ವಿಷಯ ಬೇರೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಯನ್ನು ಈ ಬಗೆಯಾಗಿ ಮುಚ್ಚುವ ತಟ್ಟೆ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ನಿರ್ವಾತವನ್ನು ಉಂಟುಮಾಡಲು ಬೇರೊಂದು ಪಂಪನ್ನು ಜೋಡಿಸಿರುತ್ತಾರೆ. ಎಷ್ಟೋ ವಾಹನಗಳಲ್ಲಿ ಅದು ಆಲ್ಟರ್ನೇಟರಿನ ಹಿಂಬದಿಯಲ್ಲಿರುತ್ತದೆ. ಮೂಲ ಬೇರೆಯಾದರೂ ನಾಳಗಳ ತತ್ತ್ವ ಒಂದೇ.

ಒತ್ತಡದಿಂದ ಚಲನೆ

ನಾಳದ ತುದಿಯಲ್ಲಿ ಒಂದು ಚಪ್ಪಟೆ ಡಬ್ಬಿ. ಅದರ ನಡುವೆ ರಬ್ಬರಿನ ಪೊರೆ. ಪೊರೆಗೆ ಕಟ್ಟಿದ ಒಂದು ಸರಳು. ಪೊರೆಯ ಒಂದು ಪಕ್ಕದಲ್ಲಿ ನಿರ್ವಾತ, ಇನ್ನೊಂದು ಪಕ್ಕದಲ್ಲಿ ಹೊರಗಿನ ಗಾಳಿ. ಗಾಳಿಯು ಪೊರೆಯನ್ನು ನೂಕಿದಾಗ ಸರಳು ಜರುಗುತ್ತದೆ.

ಇದರ ಬಲವೆಷ್ಟೆಂದು ಲೆಕ್ಕಹಾಕೋಣ. 18 ಅಂಗುಲದ ನಿರ್ವಾತವೆಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 0.62 ಕಿಲೋಗ್ರಾಂ ತೂಕದಷ್ಟು ಒತ್ತಡದ ವ್ಯತ್ಯಾಸ. ಪೊರೆಯ ವ್ಯಾಸ 6 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರ ವಿಸ್ತೀರ್ಣ 28 ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚು. ಬಲವು ಸುಮಾರು 17 ಕಿಲೋಗ್ರಾಂ. 22 ಸೆಂಟಿಮೀಟರ್ ವ್ಯಾಸದ ಪೊರೆಗಾದರೆ ಅದು 235 ಕಿಲೋಗ್ರಾಮಿಗೆ ಏರುತ್ತದೆ. ಬ್ರೇಕಿನ ಪೆಡಲಿಗೆ ನೆರವಾಗುವ ಸರ್ವೋ ಎಂಬ ದೊಡ್ಡ ಡಬ್ಬಿಯೊಳಗಿನ ಪೊರೆಯು ಸುಮಾರು ಈ ಪ್ರಮಾಣದ್ದು. ಚಾಲಕನ ಪಾದವು ಕೊಡಲಾರದ ಬಲವನ್ನು ವಾಯುಮಂಡಲವು ಕೊಡುತ್ತದೆ.

ನಮ್ಮ ಉದಾಹರಣೆಯ ಜೀಪಿನಲ್ಲಿ ನಿರ್ವಾತವನ್ನು ಬಳಸುವ ಅಂಗಗಳು ಹಲವು: ಬ್ರೇಕಿನ ಸರ್ವೋ, ಕಿಡಿಯ ಕಾಲವನ್ನು ಮುಂದುಮಾಡುವ ಡಿಸ್ಟ್ರಿಬ್ಯೂಟರಿನ ಡಬ್ಬಿ, ಹೊಗೆಯ ಒಂದಂಶವನ್ನು ಮರಳಿ ಎಂಜಿನ್ನಿಗೆ ಬಿಡುವ ಕವಾಟ, ಪೆಟ್ರೋಲಿನ ಆವಿಯನ್ನು ಹಿಡಿದಿಡುವ ಇದ್ದಲಿನ ಡಬ್ಬಿ, ಕ್ರ್ಯಾಂಕ್ ಕೋಣೆಯ ಗಾಳಿಯಾಟದ ಕವಾಟ, ಇವೆಲ್ಲದರ ಜೊತೆಗೆ ಮುಂದಿನ ಅಚ್ಚಿನ ನಿರ್ವಾತ ಮೋಟಾರು. ಇವುಗಳಲ್ಲಿ ಕಡೆಯದರ ಕೆಲಸ ವಿಶೇಷವಾದುದು.

ಇಬ್ಭಾಗವಾದ ಅಚ್ಚು

ನಾಲ್ಕು ಚಕ್ರಗಳ ಚಾಲನೆ ಎಂದರೆ, ಎಂಜಿನ್ನಿನ ಬಲವು ಟ್ರಾನ್ಸ್‌ಫರ್ ಕೇಸ್ ಎಂಬ ಹಲ್ಲುಚಕ್ರಗಳ ಪೆಟ್ಟಿಗೆಯಲ್ಲಿ ಕವಲೊಡೆದು ಹಿಂದಿನ ಅಚ್ಚಿಗೂ ಮುಂದಿನ ಅಚ್ಚಿಗೂ ಹೋಗುವುದು. ಒಳ್ಳೆಯ ರಸ್ತೆಯಲ್ಲಿ ಮುಂದಿನ ಚಾಲನೆ ಬೇಕಿಲ್ಲ. ಆದರೆ ಅದನ್ನು ಟ್ರಾನ್ಸ್‌ಫರ್ ಕೇಸಿನಲ್ಲಿ ಬಿಡಿಸಿದರೂ, ಉರುಳುತ್ತಿರುವ ಮುಂದಿನ ಚಕ್ರಗಳು ಅಚ್ಚು, ಡಿಫರೆನ್ಷಿಯಲ್, ಉದ್ದನೆಯ ಪ್ರೊಪೆಲ್ಲರ್ ಶಾಫ್ಟು ಎಲ್ಲವನ್ನೂ ವ್ಯರ್ಥವಾಗಿ ತಿರುಗಿಸುತ್ತಿರುತ್ತವೆ. ಹಿಂದಿನ ಕಾಲದ ಜೀಪುಗಳಲ್ಲಿ ಇದನ್ನು ತಪ್ಪಿಸಲು ಚಾಲಕನು ಕೆಳಗಿಳಿದು ಚಕ್ರದ ನಡುವಿನ ಹಬ್ಬನ್ನು ಕೈಯಿಂದ ತಿರುವಿ ಬಿಡಿಸಬೇಕಾಗುತ್ತಿತ್ತು.

ವೈಜೆಯಲ್ಲಿ ಬೇರೊಂದು ಉಪಾಯವಿದೆ. ಡೇನಾ 30 ಎಂಬ ಅದರ ಮುಂದಿನ ಅಚ್ಚಿನ ಬಲಗಡೆಯ ಶಾಫ್ಟನ್ನು ಎರಡು ತುಂಡಾಗಿ ಮಾಡಿ, ಅವೆರಡನ್ನು ಹಲ್ಲುಗಳುಳ್ಳ ಒಂದು ಜಾರುವ ಉಂಗುರದಿಂದ ಸೇರಿಸುತ್ತಾರೆ ಇಲ್ಲವೆ ಬಿಡಿಸುತ್ತಾರೆ. ಉಂಗುರವನ್ನು ಜರುಗಿಸುವುದು ಒಂದು ಕವೆ. ಕವೆಯನ್ನು ಜರುಗಿಸುವುದು ನಿರ್ವಾತ ಮೋಟಾರಿನ ಪೊರೆ. ಉಂಗುರ ಬಿಡಿಸಿದ್ದಾಗ ಎಡಚಕ್ರವು ಡಿಫರೆನ್ಷಿಯಲಿನ ಎಡ ಹಲ್ಲುಚಕ್ರವನ್ನು ಮುಂದಕ್ಕೆ ತಿರುಗಿಸುತ್ತದೆ; ಬಲಗಡೆಯ ಒಳತುಂಡು ಅಷ್ಟೇ ವೇಗದಲ್ಲಿ ಹಿಂದಕ್ಕೆ ತಿರುಗುತ್ತದೆ; ಎರಡರ ಸರಾಸರಿ ಸೊನ್ನೆಯಾದ್ದರಿಂದ ದೊಡ್ಡ ಹಲ್ಲುಚಕ್ರವೂ ಪ್ರೊಪೆಲ್ಲರ್ ಶಾಫ್ಟೂ ನಿಶ್ಚಲವಾಗಿರುತ್ತವೆ. ಒಂದೇ ಕಡೆ ಬಿಡಿಸಿ ಇಡೀ ಸಾಲನ್ನು ವಿಶ್ರಾಂತಿಗೆ ತರುವ ಈ ಯೋಜನೆ ಬಹು ಜಾಣತನದ್ದು.

ಆದರೆ ಇದೇ ನಿಯಮದಲ್ಲಿ ಅಪಾಯವೂ ಅಡಗಿದೆ. ಸಾಮಾನ್ಯ ಡಿಫರೆನ್ಷಿಯಲು ತನ್ನ ಎರಡು ಪಕ್ಕಗಳಿಗೂ ಸಮನಾದ ತಿರುಚುಬಲವನ್ನು ಹಂಚುತ್ತದೆ. ಚಾಲಕನು ಸನ್ನೆಯನ್ನು ನಾಲ್ಕು ಚಕ್ರಗಳ ಸ್ಥಾನಕ್ಕೆ ತಂದಾಗ ಉಂಗುರ ಸೇರದೆ ಉಳಿದರೆ, ಬಲಗಡೆಯ ಒಳತುಂಡು ತಡೆಯಿಲ್ಲದೆ ತಿರುಗುತ್ತದೆ. ತಡೆಯಿಲ್ಲದ ಕಡೆ ತಿರುಚುಬಲವಿಲ್ಲ. ಬಲಗಡೆ ಇಲ್ಲವೆಂದಮೇಲೆ ಎಡಗಡೆಯೂ ಇಲ್ಲ. ಸನ್ನೆ ಇರಬೇಕಾದಲ್ಲಿದೆ, ಟ್ರಾನ್ಸ್‌ಫರ್ ಕೇಸು ತನ್ನ ಕೆಲಸ ಮಾಡಿದೆ, ಮುಂದಿನ ಪ್ರೊಪೆಲ್ಲರ್ ಶಾಫ್ಟೂ ತಿರುಗುತ್ತಿದೆ, ಆದರೂ ಮುಂದಿನ ಚಕ್ರಗಳೆರಡೂ ಎಂಜಿನ್ನಿನ ಬಲವನ್ನು ಕಾಣವು. ಕೆಸರಿನ ಏರಿನಲ್ಲಿ ವಾಹನ ಸಿಕ್ಕಿಕೊಳ್ಳುತ್ತದೆ. ಜಾರುವ ಇಳಿಜಾರಿನಲ್ಲಿ ಪರಿಣಾಮ ಇನ್ನೂ ಕೆಟ್ಟದ್ದು. ಎಂಜಿನ್ನಿನ ತಡೆಯು ನಾಲ್ಕು ಚಕ್ರಗಳಿಗೂ ದೊರೆಯುತ್ತದೆಂದು ನಂಬಿದ ಚಾಲಕನಿಗೆ ಹಿಂದಿನ ಎರಡರ ತಡೆ ಮಾತ್ರ ದೊರೆಯುತ್ತದೆ.

ಇದಕ್ಕಾಗಿಯೇ ಮುಂದೆ ಒಂದು ಸೂಚಕ ದೀಪವನ್ನು ಇಟ್ಟಿದ್ದಾರೆ. ಸನ್ನೆ ಜರುಗಿದಾಗ ಟ್ರಾನ್ಸ್‌ಫರ್ ಕೇಸಿನ ಮೇಲಿರುವ ನಿರ್ವಾತದ ಸ್ವಿಚ್ಚು ನಾಳವನ್ನು ಮೋಟಾರಿನ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಬದಲಾಯಿಸುತ್ತದೆ. ಮೋಟಾರು ಪೂರ್ತಿ ಜರುಗಿದ ಮೇಲಷ್ಟೇ ನಿರ್ವಾತವು ಅದರ ಮೂಲಕ ಮುಂದೆ ಹಾದು ದೀಪದ ಸ್ವಿಚ್ಚನ್ನು ಮುಟ್ಟುತ್ತದೆ. ಆದುದರಿಂದ ದೀಪವು ಸನ್ನೆಯ ಸ್ಥಾನವನ್ನಲ್ಲ, ಅಚ್ಚಿನ ಸ್ಥಿತಿಯನ್ನು ಹೇಳುತ್ತದೆ. ಅದು ಹತ್ತದಿದ್ದರೆ ಬಲ್ಬು ಕೆಟ್ಟಿರಬೇಕೆಂದು ಉಪೇಕ್ಷಿಸುವುದು ವಿವೇಕವಲ್ಲ.

ಥ್ರಾಟಲು ಪೂರ್ತಿ ತೆರೆದಾಗ ನಿರ್ವಾತವಿಲ್ಲ ಎಂದೆವಷ್ಟೆ. ಏರಿನ ನಡುವೆ ಸಿಕ್ಕಿಕೊಂಡು ಆಕ್ಸಿಲರೇಟರನ್ನು ತುಳಿದುಕೊಂಡೇ ಸನ್ನೆಯನ್ನು ಜರುಗಿಸಿದರೆ ಪೊರೆಗೆ ಬಲ ಸಾಲದು. ಏರು ಬರುವ ಮೊದಲೇ, ಕಾಲನ್ನು ಸಡಿಲಿಸಿ ಜರುಗಿಸಬೇಕೆಂಬ ಅನುಭವಿಗಳ ಮಾತಿಗೆ ಕಾರಣ ಇದೇ. ಅದೇ ಕಾಲದ ಜೀಪ್ ಚೆರೋಕಿಯಲ್ಲಿ ಮುಂದಿನ ಬಂಪರಿನ ಹಿಂದೆ ಚೆಂಡಿನಾಕಾರದ ಪ್ಲಾಸ್ಟಿಕ್ ಪಾತ್ರೆಯೊಂದನ್ನೂ ಏಕಮುಖ ಕವಾಟವನ್ನೂ ಇಟ್ಟು ನಿರ್ವಾತವನ್ನು ಕೂಡಿಡುತ್ತಿದ್ದರು.

ಸೋರಿಕೆಯ ಲಕ್ಷಣಗಳು

ಎಂಜಿನ್ನಿನ ಶಾಖ, ಎಣ್ಣೆ, ಓಜೋನು, ವರ್ಷಗಳು ಇವು ರಬ್ಬರನ್ನು ಕೆಡಿಸುತ್ತವೆ. ಬಿಸಿಯ ಬಳಿ ಅದು ಗಡುಸಾಗಿ ಬಿರಿಯುತ್ತದೆ. ಎಣ್ಣೆ ತಾಗಿದಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಸಣ್ಣ ನಾಳಗಳು ಮುಟ್ಟಿದರೆ ಮುರಿಯುವಂತಾಗುತ್ತವೆ.

4 ಮಿಲಿಮೀಟರ್ ವ್ಯಾಸದ ಒಂದು ನಾಳ ಕಳಚಿಬಿದ್ದಿದೆ ಎಂದಿಟ್ಟುಕೊಳ್ಳೋಣ. ಇಷ್ಟು ಸಣ್ಣ ತೂತಿನಿಂದ 4.2 ಲೀಟರಿನ ಎಂಜಿನ್ನಿಗೆ ಏನಾದೀತು? ನಾಲ್ಕು ಹೊಡೆತಗಳ ಎಂಜಿನ್ನು ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಅನಿಲವನ್ನು ಒಳಗೊಳ್ಳುತ್ತದೆ. ನಿಮಿಷಕ್ಕೆ 700 ಸುತ್ತಿಗೆ ಇದು 1,470 ಲೀಟರು. ಆದರೆ 18 ಅಂಗುಲದ ನಿರ್ವಾತದಲ್ಲಿ ಉಳಿದಿರುವ ಒತ್ತಡ ನೂರಕ್ಕೆ 40 ಪಾಲು ಮಾತ್ರ. ಹೊರಗಿನ ಗಾಳಿಯ ಲೆಕ್ಕದಲ್ಲಿ ಅದು 600 ಲೀಟರನ್ನು ಮೀರದು. ಒಳಗಿನ ಒತ್ತಡವು ಹೊರಗಿನದರ ಅರ್ಧಕ್ಕಿಂತ ಕಡಮೆಯಾದಾಗ ತೂತಿನ ಮೂಲಕ ನುಗ್ಗುವ ಗಾಳಿಯು ಶಬ್ದದ ವೇಗವನ್ನು ಮುಟ್ಟುತ್ತದೆ. ಬುಸ್ಸೆಂಬ ಸದ್ದು ಹುಟ್ಟುವುದು ಈ ವೇಗದ ಹರಿವಿನಿಂದ. ಆ ವೇಗದಲ್ಲಿ 4 ಮಿಲಿಮೀಟರಿನ ತೂತು ನಿಮಿಷಕ್ಕೆ ಸುಮಾರು 120 ಲೀಟರು ಗಾಳಿಯನ್ನು ಒಳಬಿಡಬಲ್ಲದು. ಎಂದರೆ ಎಂಜಿನ್ನಿನ ಗಾಳಿಯಲ್ಲಿ ಐದನೆಯ ಒಂದು ಪಾಲಿನಷ್ಟು ಕಾರ್ಬುರೇಟರಿನ ಕಣ್ಣುತಪ್ಪಿಸಿ, ಪೆಟ್ರೋಲಿಲ್ಲದೆ ಬರುತ್ತದೆ. ಮಿಶ್ರಣವು ತೆಳುವಾಗಿ ಎಂಜಿನ್ನು ನಡುಗುತ್ತದೆ ಅಥವಾ ನಿಲ್ಲುತ್ತದೆ.

ಅದೇ ಎಂಜಿನ್ನು ಭಾರ ಹೊತ್ತು 2,500 ಸುತ್ತಿನಲ್ಲಿ ಓಡುವಾಗ ಅದಕ್ಕೆ ನಿಮಿಷಕ್ಕೆ 4,000 ಲೀಟರಿನ ಸುಮಾರು ಗಾಳಿ ಬೇಕು. ಸೋರಿಕೆಯು ನೂರಕ್ಕೆ ಮೂರು ಪಾಲನ್ನೂ ಮುಟ್ಟದು. ನಿಂತಲ್ಲಿ ನಡುಗುವ ಎಂಜಿನ್ನು ಓಡುವಾಗ ಸರಿಯಾಗಿದ್ದರೆ, ನಿರ್ವಾತದ ಸೋರಿಕೆಯನ್ನು ಮೊದಲು ಸಂಶಯಿಸಬೇಕೆಂಬುದರ ಕಾರಣ ಇದರಿಂದ ಸ್ಪಷ್ಟವಾಗುತ್ತದೆ.

ಪತ್ತೆಯ ಕ್ರಮ

ಒಂದೇ ಸೋರಿಕೆಯು ಹಲವು ರೋಗಗಳ ವೇಷದಲ್ಲಿ ಬರುತ್ತದೆ. ಎಂಜಿನ್ನು ನಡುಗಿದರೆ ಕಾರ್ಬುರೇಟರನ್ನೂ, ಪೆಡಲು ಬಿಗಿಯಾದರೆ ಬ್ರೇಕನ್ನೂ, ಮುಂದಿನ ಚಕ್ರ ತಿರುಗದಿದ್ದರೆ ಟ್ರಾನ್ಸ್‌ಫರ್ ಕೇಸನ್ನೂ ಬಿಚ್ಚುವವರಿದ್ದಾರೆ. ಕ್ರಮವಾಗಿ ಯೋಚಿಸಿದರೆ ಇಷ್ಟು ಶ್ರಮವೂ ಖರ್ಚೂ ಬೇಕಾಗಿಲ್ಲ.

ಮೊದಲನೆಯದು ಎಚ್ಚರಿಕೆ. ವಾಹನವನ್ನು ಸಮನೆಲದಲ್ಲಿ, ಗಾಳಿಯಾಡುವ ಕಡೆ ನಿಲ್ಲಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಕೈಬ್ರೇಕನ್ನು ಹಾಕಿ ಚಕ್ರಗಳಿಗೆ ಅಡೆ ಇಡಬೇಕು. ಎಂಜಿನ್ನು ಓಡುತ್ತಿರುವಾಗ ವಾಹನದ ಕೆಳಗೆ ನುಸುಳಬಾರದು. ಸೋರಿಕೆಯನ್ನು ಹುಡುಕಲು ಪೆಟ್ರೋಲನ್ನೋ ಬೇಗ ಹೊತ್ತುವ ಬೇರೆ ದ್ರವವನ್ನೋ ಕೆಲವರು ಸಿಂಪಡಿಸುತ್ತಾರೆ. ಕಾದ ಹೊಗೆಕೊಳವೆ ಪಕ್ಕದಲ್ಲೇ ಇರುವುದರಿಂದ ಇದು ಬೆಂಕಿಯೊಡನೆ ಸರಸ. ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈಹಾಕುವುದಾದರೆ ಅನುಭವಿ ಮೆಕ್ಯಾನಿಕ್ಕನ ಸಮಕ್ಷಮದಲ್ಲಿಯೇ ಆಗಬೇಕು.

ಎರಡನೆಯದು ನಕ್ಷೆ. ಬಾನೆಟ್ಟಿನ ಕೆಳಗೆ ಅಂಟಿಸಿರುವ ಚೀಟಿಯಲ್ಲಿ ನಾಳಗಳ ನಕ್ಷೆಯಿರುತ್ತದೆ. ಅದು ಅಳಿಸಿಹೋಗಿದ್ದರೆ ಆ ವರ್ಷದ, ಆ ಎಂಜಿನ್ನಿನ ದುರಸ್ತಿ ಕೈಪಿಡಿಯನ್ನು ನೋಡಬೇಕು. ಹಿಂದಿನ ಮಾಲೀಕರು ನಾಳಗಳನ್ನು ಅದಲುಬದಲು ಮಾಡಿರುವ ಸಂಭವವುಂಟು. ಆದ್ದರಿಂದ ಇದ್ದಂತೆಯೇ ಮತ್ತೆ ಜೋಡಿಸಿದರೆ ಸಾಲದು, ನಕ್ಷೆಗೆ ಹೋಲಿಸಬೇಕು.

ಮೂರನೆಯದು ಅಳತೆ. ಮಾಪಕವನ್ನು ಮ್ಯಾನಿಫೋಲ್ಡಿಗೆ ನೇರವಾಗಿ ಸೇರಿಸಿ ನೋಡಬೇಕು. ಮುಳ್ಳು ಕೆಳಗೆ, ಆದರೆ ನಿಶ್ಚಲವಾಗಿ ನಿಂತರೆ ಸೋರಿಕೆ ಅಥವಾ ತಡವಾದ ಕಿಡಿ ಕಾರಣವಿರಬಹುದು. ಒಂದೇ ಲಯದಲ್ಲಿ ತಟತಟನೆ ಅಲುಗಿದರೆ ಸಿಲಿಂಡರಿನ ಕವಾಟದ ದೋಷವನ್ನು ಸಂಶಯಿಸಬಹುದು. ಎತ್ತರದ ಊರುಗಳಲ್ಲಿ ಸುಮಾರು ಪ್ರತಿ 300 ಮೀಟರಿಗೆ ಒಂದು ಅಂಗುಲವನ್ನು ಕಳೆಯಬೇಕು. 1,600 ಮೀಟರ್ ಎತ್ತರದ ಡೆನ್ವರಿನಲ್ಲಿ 12ರಿಂದ 16 ಅಂಗುಲವೂ, 900 ಮೀಟರಿಗಿಂತ ಎತ್ತರದಲ್ಲಿರುವ ನಮ್ಮ ಬೆಂಗಳೂರಿನಲ್ಲಿ 14ರಿಂದ 18 ಅಂಗುಲವೂ ಬಂದರೆ ಅದು ರೋಗವಲ್ಲ, ಭೂಗೋಳ.

ನಾಲ್ಕನೆಯದು ವಿಭಜನೆ. ಮ್ಯಾನಿಫೋಲ್ಡಿನಿಂದ ಎಂಟು ಕವಲುಗಳು ಹೊರಟಿವೆಯೆನ್ನೋಣ. ನಾಲ್ಕನ್ನು ಕಳಚಿ ಅವುಗಳ ಮೂತಿಗೆ ರಬ್ಬರ್ ಟೋಪಿ ಹಾಕಿ ಮಾಪಕವನ್ನು ನೋಡಬೇಕು. ಮುಳ್ಳು ಏರಿದರೆ ದೋಷ ಆ ನಾಲ್ಕರಲ್ಲಿದೆ. ಇಲ್ಲದಿದ್ದರೆ ಉಳಿದ ನಾಲ್ಕರಲ್ಲಿ. ಮುಂದೆ ಎರಡು, ಆಮೇಲೆ ಒಂದು. ಎಂಟರಲ್ಲಿ ಒಂದನ್ನು ಹುಡುಕಲು ಮೂರೇ ಪರೀಕ್ಷೆಗಳು ಸಾಕು, ಹದಿನಾರಾದರೆ ನಾಲ್ಕು. ಎಂಟನ್ನೂ ಮುಚ್ಚಿದರೂ ಮುಳ್ಳು ಏರದಿದ್ದರೆ ಮ್ಯಾನಿಫೋಲ್ಡಿನ ಅಥವಾ ಕಾರ್ಬುರೇಟರಿನ ತಳದ ಗ್ಯಾಸ್ಕೆಟ್ಟನ್ನು ನೋಡಬೇಕು. ಎರಡು ಸೋರಿಕೆಗಳೂ ಇರಬಹುದಾದ್ದರಿಂದ, ಒಂದನ್ನು ಸರಿಪಡಿಸಿದ ಮೇಲೆ ಮತ್ತೊಮ್ಮೆ ಅಳೆಯುವುದು ಅವಶ್ಯ. ಕವಲು ತಿಳಿದ ಬಳಿಕ ಒಂದು ಮೀಟರ್ ಉದ್ದದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಫ್ಯಾನಿನಿಂದಲೂ ಬೆಲ್ಟಿನಿಂದಲೂ ದೂರವಿಟ್ಟುಕೊಂಡು ನಾಳದುದ್ದಕ್ಕೂ ಸರಿಸಿದರೆ, ಸದ್ದು ಬರುವ ಜಾಗವನ್ನು ಕಿವಿಯೇ ಹೇಳುತ್ತದೆ.

ಮುಂದಿನ ಅಚ್ಚಿನ ನಾಳವನ್ನು ಪರೀಕ್ಷಿಸುವಾಗ ಮೂಲದಿಂದ ತುದಿಯ ಕಡೆಗೆ ನಡೆಯಬೇಕು. ಎಂಜಿನ್ನನ್ನು ನಿಲ್ಲಿಸಿ ಮಾಪಕಕ್ಕೆ ಉದ್ದನೆಯ ಕೊಳವೆಯನ್ನು ಜೋಡಿಸಿಕೊಂಡರೆ, ಬಳಿಕ ಅದನ್ನು ಹೊರಗೆ ನಿಂತೇ ಓದಬಹುದು. ಟ್ರಾನ್ಸ್‌ಫರ್ ಕೇಸಿನ ಸ್ವಿಚ್ಚಿಗೆ ಬರುವ ನಾಳದಲ್ಲಿ ಮ್ಯಾನಿಫೋಲ್ಡಿನಷ್ಟೇ ನಿರ್ವಾತವಿದೆಯೆ? ಇಲ್ಲವಾದರೆ ದೋಷ ಅದಕ್ಕಿಂತ ಹಿಂದೆ. ಇದ್ದರೆ, ಸನ್ನೆಯನ್ನು ಜರುಗಿಸಿದಾಗ ಮೋಟಾರಿನ ನಾಳಕ್ಕೆ ಅದು ತಲುಪುತ್ತದೆಯೆ? ಇಲ್ಲವಾದರೆ ದೋಷ ಸ್ವಿಚ್ಚಿನಲ್ಲಿ ಅಥವಾ ನಡುವಿನ ನಾಳದಲ್ಲಿ. ತಲುಪಿದರೆ, ಎಂಜಿನ್ನನ್ನು ನಿಲ್ಲಿಸಿ ಕೈಪಂಪಿನಿಂದ ಮೋಟಾರಿಗೆ 15 ಅಂಗುಲ ಕೊಟ್ಟು ಅರ್ಧ ನಿಮಿಷ ನೋಡಬೇಕು. ಮುಳ್ಳು ಇಳಿದರೆ ಮೋಟಾರಿನೊಳಗೆ ಸೋರಿಕೆಯಿದೆ, ಬಹುಮಟ್ಟಿಗೆ ಪೊರೆಯೇ ಹರಿದಿರುತ್ತದೆ. ಮುಳ್ಳು ನಿಂತರೂ ಕವೆ ಜರುಗದಿದ್ದರೆ, ಹಲ್ಲುಗಳು ಎದುರುಬದುರಾಗಿ ನಿಂತಿರಬಹುದು ಅಥವಾ ಉಂಗುರ ತುಕ್ಕಿನಿಂದ ಕಚ್ಚಿಕೊಂಡಿರಬಹುದು. ಉಂಗುರ ಸೇರಿಯೂ ದೀಪ ಹತ್ತದಿದ್ದರೆ ಮಾತ್ರ ದೀಪದ ನಾಳವನ್ನು ನೋಡಬೇಕು.

ದುರಸ್ತಿ

ಒಂದು ಬಾರಿಗೆ ಒಂದೇ ನಾಳವನ್ನು ಬದಲಾಯಿಸುವುದು, ಕಳಚಿದ ತುದಿಗಳಿಗೆಲ್ಲ ಗುರುತಿನ ಚೀಟಿ ಕಟ್ಟುವುದು ಇವೆರಡು ನಿಯಮಗಳನ್ನು ಪಾಲಿಸಿದರೆ ಗೊಂದಲವಿಲ್ಲ. ಹೊಸ ನಾಳದ ಒಳವ್ಯಾಸ ಹಳೆಯದರಷ್ಟೇ ಇರಬೇಕು. ನೀರಿನ ತೆಳು ಕೊಳವೆಯನ್ನು ಹಾಕಿದರೆ ಹೊರಗಿನ ಗಾಳಿ ಅದನ್ನು ಚಪ್ಪಟೆಯಾಗಿ ಒತ್ತಿಬಿಡುತ್ತದೆ. ಸಿಲಿಕೋನಿನ ನಾಳ ಶಾಖವನ್ನು ಚೆನ್ನಾಗಿ ತಾಳುತ್ತದೆಯಾದರೂ ಪೆಟ್ರೋಲಿನ ಆವಿಗೆ ಅದು ಹೊಂದದು. ಇದ್ದಲಿನ ಡಬ್ಬಿಗೂ ಕ್ರ್ಯಾಂಕ್ ಕೋಣೆಗೂ ಪೆಟ್ರೋಲನ್ನೂ ಎಣ್ಣೆಯನ್ನೂ ತಾಳುವ ರಬ್ಬರೇ ಬೇಕು.

ಕಳಚಿದ ನಾಳದೊಳಗೆ ಕೆಂಪು ಎಣ್ಣೆ ಕಂಡುಬಂದರೆ ಅಲ್ಲಿಗೇ ನಿಲ್ಲಬೇಕು. ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಬಳಸುವ ಎಣ್ಣೆಯ ಬಣ್ಣ ಅದು. ಸ್ವಿಚ್ಚಿನ ಮುದ್ರೆ ಕೆಟ್ಟು ಎಣ್ಣೆ ನಾಳವನ್ನು ಸೇರುತ್ತಿದೆಯೆಂದು ಅದರ ಅರ್ಥ. ಟ್ರಾನ್ಸ್‌ಫರ್ ಕೇಸಿನ ಉಸಿರುಗೊಳವೆ ಕಟ್ಟಿಕೊಂಡು ಒಳಗಿನ ಒತ್ತಡ ಏರಿದರೂ ಹೀಗಾಗಬಹುದು. ಕಾರಣವನ್ನು ಬಿಟ್ಟು ನಾಳವನ್ನಷ್ಟೇ ಬದಲಾಯಿಸಿದರೆ ಹೊಸದೂ ಬೇಗನೆ ಉಬ್ಬಿ ಕೆಡುತ್ತದೆ.

ಕೆಲಸ ಮುಗಿದ ಮೇಲೆ ವಾಹನವನ್ನು ರಸ್ತೆಗಿಳಿಸುವ ಮೊದಲು ಎರಡು ಪರೀಕ್ಷೆಗಳು ಕಡ್ಡಾಯ. ಒಂದು, ಬ್ರೇಕಿನದು: ಎಂಜಿನ್ನನ್ನು ನಿಲ್ಲಿಸಿ ಪೆಡಲನ್ನು ಹಲವು ಬಾರಿ ತುಳಿದು ಬಿಗಿಯಾದ ಮೇಲೆ, ಒತ್ತಿ ಹಿಡಿದುಕೊಂಡೇ ಎಂಜಿನ್ನನ್ನು ಚಾಲೂಮಾಡಿದರೆ ಪೆಡಲು ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಸರ್ವೋವಿಗೆ ನಿರ್ವಾತ ಮುಟ್ಟಿಲ್ಲ. ಎರಡು, ಅಚ್ಚಿನದು: ಸನ್ನೆಯನ್ನು ನಾಲ್ಕು ಚಕ್ರಗಳ ಸ್ಥಾನಕ್ಕೆ ತಂದು, ದೀಪ ಹತ್ತಿದ ಮೇಲೆ ಎಂಜಿನ್ನನ್ನು ನಿಲ್ಲಿಸಿ, ಗೇರಿನಲ್ಲಿಟ್ಟು, ಹಿಂದಿನ ಚಕ್ರಗಳಿಗೆ ಭದ್ರವಾದ ಅಡೆಯಿಟ್ಟು, ಮುಂದಿನ ಅಚ್ಚನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಬೇಕು, ಜ್ಯಾಕೊಂದನ್ನೇ ನಂಬಬಾರದು. ಈಗ ಬಲಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿದರೆ ಎಡಚಕ್ರ ಹಿಂದಕ್ಕೆ ತಿರುಗಬೇಕು. ಅದು ಕದಲದಿದ್ದರೆ ಉಂಗುರ ಸೇರಿಲ್ಲ. ಏಕೆ ಹೀಗೆಂಬುದನ್ನು ಮೇಲೆ ಹೇಳಿದ ಸರಾಸರಿಯ ನಿಯಮದಿಂದ ವಾಚಕರೇ ಬಿಡಿಸಿಕೊಳ್ಳಬಹುದು.

ಇಷ್ಟರಿಂದ ತಿಳಿಯುವುದೇನೆಂದರೆ, ವಾಯುಮಂಡಲದ ಒತ್ತಡವು ಯಾವ ಬೆಲೆಯನ್ನೂ ಕೇಳದೆ ನಮಗೆ ದುಡಿಯುವ ಸೇವಕ. ಆದರೆ ಅದು ನಾವು ತೆರೆದಿಟ್ಟ ದಾರಿಗೂ ಸೀಳಿನ ದಾರಿಗೂ ಭೇದವೆಣಿಸುವುದಿಲ್ಲ. ಎಲ್ಲಿ ಒತ್ತಡ ಕಡಮೆಯೋ ಅತ್ತ ನುಗ್ಗುತ್ತದೆ. ದಾರಿಯನ್ನು ಅರಿತು, ಅಳೆದು, ಭಾಗಮಾಡಿ ಹುಡುಕುವವನಿಗೆ ಅದು ತನ್ನ ಸೋರಿಕೆಯ ಸ್ಥಳವನ್ನೂ ತಾನೇ ತೋರಿಸಿಕೊಡುತ್ತದೆ. ಬೆಟ್ಟದ ದಾರಿಯಲ್ಲಿ ಕೈಕೊಡಬಹುದಾದ ನಾಳವನ್ನು ಮನೆಯಂಗಳದಲ್ಲಿಯೇ ಕಂಡುಹಿಡಿಯಲು ಬೇಕಾದುದು ಒಂದು ಮಾಪಕ, ಒಂದು ನಕ್ಷೆ ಮತ್ತು ಸ್ವಲ್ಪ ತಾಳ್ಮೆ.